ತಾಲೀಮಿನ ಮತ

೧
ಎಲ್ಲಿಂದ ಶುರು ಮಾಡಲಿ? ದೊರೆಯಿಂದ ಶುರು ಮಾಡಿದರೆ ಚರಿತ್ರೆಯಾಗುತ್ತದೆ, ಬೆಟ್ಟದಿಂದ ಶುರು ಮಾಡಿದರೆ ಕ್ಯಾಲೆಂಡರ್ ಆಗುತ್ತದೆ. ನಾನು ಹೀಗೆ ತಿಣುಕುವಷ್ಟರಲ್ಲಿ ಪೆಲ್ಡೆನ್ ಸೊಂಟಕ್ಕೆ ಮಗ್ಗದ ಪಟ್ಟಿ ಬಿಗಿದು, ಹಳದಿ ನೂಲಿನ ನಡುವೆ ಕೆಂಪು ಎಳೆ ತೂರಿಸುತ್ತ, ಮಗಳು ಉಡಲೆಂದು ಅರ್ಧ ಕಿರಾ ನೇಯ್ದಾಗಿದೆ. ಅಲ್ಲಿಂದಲೇ ಆಗಲಿ.

೨
ಭೂತಾನ, ೨೦೦೭ರ ಮೇ. ದೊರೆ ತಾವಾಗಿಯೇ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಡುತ್ತೇವೆ ಎಂದಿದ್ದಾರೆ. ಪ್ರಜೆಗಳು ಬೇಡವೆಂದು ಅಳುತ್ತಿದ್ದಾರೆ. (ಇದು ನನ್ನ ಕಲ್ಪನೆಯಲ್ಲ. ಅಷ್ಟು ಧೈರ್ಯ ನನಗಿಲ್ಲ.) ಮತ ಹಾಕಿ ಯಾರಿಗೂ ರೂಢಿಯಿಲ್ಲ, ಅದಕ್ಕೇ ಮೊದಲು ತಾಲೀಮು. ಇಲ್ಲದ ಪಕ್ಷಗಳು, ಹೆಸರಿಗೆ ಬರೀ ಬಣ್ಣ. ಹಸಿರು, ನೀಲಿ ಮೊದಲ ಸುತ್ತಿನಲ್ಲೇ ಉದುರಿದವು. ನಾಳಿನ ಎರಡನೇ ಸುತ್ತಿಗೆ ಉಳಿದದ್ದು ಸಂಪ್ರದಾಯದ ಹಳದಿ, ಕಾರ್ಖಾನೆಯ ಕೆಂಪು. ದೊರೆಯ ಹೆಗಲ ವಸ್ತ್ರವೂ ಹಳದಿಯೇ ಅಲ್ಲವೇ? ಮೊದಲ ಸುತ್ತಿನಲ್ಲಿ ಊರಿಗೆ ಊರೇ ಹಳದಿ ಒತ್ತಿ ಬಂದಿತ್ತು, ಪೆಲ್ಡೆನ್ ಕೂಡ. ನೆರೆಮನೆಯ ಅಜ್ಜಿಯಂತೂ ಯಂತ್ರಕ್ಕೆ ಮೂರು ಸಲ ಅಡ್ಡಬಿದ್ದೇ ಗುಂಡಿ ಮುಟ್ಟಿದ್ದಳು.

೩
(ಇಲ್ಲೊಂದು ಜಗಳ ಬರೆದು ಹರಿದೆ. ಗಂಡ ಲೊಡೇ ಕೂಗಾಡುವವನಲ್ಲ.) ಬೆಣ್ಣೆ ಚಹಾ ಬಗ್ಗಿಸಿಕೊಳ್ಳುತ್ತ, ನಾಳೆಯೂ ಹಳದಿಯೇ ತಾನೇ ಎಂದು ಕೇಳಿದ, ಅಷ್ಟೇ.

"ಸುಳ್ಳು ಚುನಾವಣೆ ಅಲ್ವಾ, ಯಾವ್ದಾದ್ರೇನು?"

"ಚುನಾವಣೆ ಸುಳ್ಳಿರಬಹುದು ಕಣೇ, ಬಣ್ಣ ದೊರೇದು. ಅವರಿಗೆ ಬೆನ್ನು ತಿರುಗಿಸ್ತೀಯಾ?"

ಅವಳು ಎಳೆ ಬಿಗಿದಳು. ಮಗಳ ಶಾಲೆ ಕೆಳಗಿನ ಕಣಿವೆಯಲ್ಲಿ, ಎರಡು ದಿನದ ನಡಿಗೆ. ಕಳೆದ ಮಳೆಗಾಲ ಜ್ವರವೆಂದು ಸುದ್ದಿ ಬಂದಾಗ ಓಡಿದ್ದಳು. ತಲುಪುವಷ್ಟರಲ್ಲಿ ಜ್ವರ ಬಿಟ್ಟಿತ್ತು. ಮಗಳು ಗೋಡೆಯ ಕಡೆ ಮುಖ ಮಾಡಿ, ಈಗ್ಯಾಕೆ ಬಂದೆ ಎಂದಿದ್ದಳು. ಕಾರ್ಖಾನೆ ಬಂದರೆ ಅದರ ಹಿಂದೆ ರಸ್ತೆ ಬರದಿದ್ದೀತೇ?

೪
ನಾನು ಉತ್ಸಾಹದಲ್ಲಿ ಬರೆದೆ: 'ಪೆಲ್ಡೆನ್ ದಿಟ್ಟತನದಿಂದ ಕೆಂಪು ಗುಂಡಿ ಒತ್ತಿದಳು.' ಅವಳು ಮಗ್ಗದಿಂದ ತಲೆಯೆತ್ತಿದಳು.

"ಅಕ್ಕಾ, ಆ ಯಂತ್ರದ ಸುತ್ತ ರಟ್ಟಿನ ಮರೆ ಯಾಕಿಟ್ಟಿದಾರೆ?"

"ಬೇರೆಯವರು ನೋಡಬಾರದು ಅಂತ."

"ಮತ್ತೆ ನೀವು?"

ಹಾಗಾದರೆ ಹಳದಿ ಒತ್ತಿ ಪಶ್ಚಾತ್ತಾಪ ಪಡುವ ಇನ್ನೊಂದು ಕೊನೆ ಇದೆ, ತುಂಬ ಸಾಹಿತ್ಯಿಕ ಎಂದೆ. ಅವಳಿಗೆ ನಗು ಬಂತು.

"ನಾನೇನು ಉಂಡೆ, ಏನು ನೇಯ್ದೆ, ಎಲ್ಲ ಊರಿಗೆ ಗೊತ್ತು. ಇದೊಂದು ನಂಗಿರಲಿ ಬಿಡಿ."

೫
ಹಾಗಾಗಿ ಮರುದಿನ ನಾನು ಮತಗಟ್ಟೆಯ ಹೊರಗೇ ನಿಂತೆ. ಒಳಗಿಂದ ಉದ್ದನೆಯ ಬೀಪ್ ಕೇಳಿಸಿತು. ಹಳದಿಗೂ ಕೆಂಪಿಗೂ ಅದೇ ಸದ್ದು.

ಊರಿನ ಎಣಿಕೆ: ಹಳದಿ ಎಂಬತ್ತೊಂದು, ಕೆಂಪು ಏಳು.

ಆ ಏಳು ಜನ ಯಾರು ಎಂದು ಊರೆಲ್ಲ ಗುಸುಗುಸು. ನೆರೆಮನೆಯ ಅಜ್ಜಿ ವಿನಾಕಾರಣ ಕೆಮ್ಮಿದಳು. ಲೊಡೇ ಚಹಾದ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ಈ ಸಲ ಹೆಂಡತಿಯನ್ನು ಏನೂ ಕೇಳಲಿಲ್ಲ. (ಅವನ ಮೇಲೂ ನನಗೀಗ ಅನುಮಾನ.)

೬
ನಿಜವಾದ ಚುನಾವಣೆ ಬರುವ ವರ್ಷ. ಅಂದು ತಾನೇನು ಮಾಡಬೇಕೆಂದು ಪೆಲ್ಡೆನ್ ಮನಸ್ಸಿನಲ್ಲೇ ಗಂಟು ಹಾಕಿಕೊಂಡು, ಮಗ್ಗಕ್ಕೆ ಹೊಸ ಎಳೆ ಏರಿಸಿದಳು. ಯಾವ ಬಣ್ಣದ್ದೆಂದು ನಾನು ಕತ್ತು ಚಾಚಿದೆ.

ಅವಳು ಮೆಲ್ಲಗೆ ಬೆನ್ನು ಅಡ್ಡ ತಂದಳು.