ಅಳಿಲಿನ ಕೂದಲು, ಶಾಲನಳ ಕಣ್ಣು

೧

“ಹೇಡಿ ಅಂತ ಬರದೀಯಲ್ಲೋ ನಾಲಾಯಕ! ಹರದ ಒಗಿ ಅದನ್ನ!”

ಕಥೆಯನ್ನು ಬೈಗುಳದಿಂದ ಶುರು ಮಾಡಬಹುದೇ? ಮಿರಜದ ಸಂಜೆ, ಓಣಿಯ ತುದಿಯ ಅಂಗಡಿ, ತಂಬೂರಿಯ ನಾದ ಅಂತ ಒಂದು ಮೊದಲ ಪ್ಯಾರಾ ಬರೆದಿಟ್ಟಿದ್ದೆ. ಚೆನ್ನಾಗಿತ್ತು. ಸುಳ್ಳಾಗಿತ್ತು. (ಮಿರಜ ಅಂದಕೂಡಲೇ ಓದುಗರಿಗೆ ತಂಬೂರಿ ಬೇಕು ಅಂತ ಯಾರು ಹೇಳಿದರೋ.) ಹರಿದೆ. ಬೈದವನಿಂದಲೇ ಶುರು ಮಾಡುವುದು ವಾಸಿ.

ಬೈದವನು ಭೂಪಾಲ, ನಾನು ಬರೆಯುತ್ತಿರುವ ಈ ಕಥೆಯವನೇ. ಜೈನರವನು, ಅರವತ್ತರ ಹತ್ತಿರದ ವಯಸ್ಸು. ಸಾಂಗಲಿ ಪೇಟೆಯಲ್ಲಿ ದ್ರಾಕ್ಷಿ ತೋಟಗಳ ಔಷಧದ ಅಂಗಡಿ. ಬಾಗಿಲು ಹಾಕಿದ ಮೇಲೆ, ಮತ್ತೆ ರವಿವಾರವಿಡೀ, ಮಿರಜದ ಮನೆಯಲ್ಲಿ ಚಿತ್ರ. ಪ್ರಾಯದಿಂದಲೂ ಹೀಗೇ. ಬರೆಯುವುದು ಬರೀ ಮುಖಗಳನ್ನು. ಒಂದಕ್ಕೂ ಕಣ್ಣಿಲ್ಲ.

೨

ಕಣ್ಣಿಲ್ಲದ್ದಕ್ಕೆ ಕಾರಣ ಅಳಿಲು. ಸಣ್ಣ ಕುಂಚವನ್ನು ಅಳಿಲಿನ ಬಾಲದ ಕೂದಲಿನಿಂದ ಮಾಡುತ್ತಾರೆ ಎಂದು ಅವನ ತಾಯಿ ಯಾರಿಂದಲೋ ಕೇಳಿದಳು. ಮಗನನ್ನು ಬಸದಿಗೆ ಕರೆದೊಯ್ದು ನೇಮ ಕೊಡಿಸಿದಳು: ಪ್ರಾಣಿಯ ಕೂದಲಿನ ಕುಂಚ ಮುಟ್ಟಬಾರದು. ಅವನು ಮುಟ್ಟಲಿಲ್ಲ. ಬಟ್ಟೆಯ ಚೂರು, ಬೆರಳು, ಜಗಿದ ಬೇವಿನ ಕಡ್ಡಿ, ಇವುಗಳಲ್ಲೇ ಬಣ್ಣ ಹಚ್ಚಿದ. ಇವುಗಳಿಂದ ಗಲ್ಲ ಬರುತ್ತದೆ, ಹಣೆ ಬರುತ್ತದೆ. ಕಣ್ಣು ಬರುವುದಿಲ್ಲ ಎಂದು ಅವನ ವಾದ. ಒಂದು ಪ್ರದರ್ಶನಕ್ಕೆ ಪುಣೆಯಿಂದ ಬಂದ ಕ್ರಿಟಿಕ್ ಒಬ್ಬ “ಇದು ನಮ್ಮ ಕಾಲದ ಕುರುಡು” ಎಂದು ಭಾಷಣ ಮಾಡಿದ. ಭೂಪಾಲ ಕೈ ಮುಗಿದ. ಅಳಿಲಿನ ಸುದ್ದಿ ಎತ್ತಲಿಲ್ಲ.

(ಹುಳ ಕೊಲ್ಲುವ ಔಷಧ ಮಾರುವವನಿಗೆ ಅಳಿಲಿನ ಚಿಂತೆಯೇ ಎಂದು ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ಅವನ ತಾಯಿ ನಗುತ್ತಿರಲಿಲ್ಲ. ಅಂಗಡಿ ಹೊಟ್ಟೆಗೆ, ಚಿತ್ರ ಖುಷಿಗೆ; ಖುಷಿಗಾಗಿ ಒಂದು ಜೀವ ಹೋಗಬಾರದು ಅನ್ನುವುದು ಅವಳ ಮಾತು. ಅದರಲ್ಲಿ ತಪ್ಪು ಹುಡುಕಿ ಸೋತೆ.)

೩

ಈ ಭಾಗವನ್ನು ಬಿಟ್ಟುಬಿಟ್ಟಿದ್ದೇನೆ. ಇದರಲ್ಲಿ ಪ್ರಾಯದ ಭೂಪಾಲ ಕಲಾಶಾಲೆಗೆ ಹೋಗಲಾಗದೆ ಗೋಡೆಗೆ ಹಣೆಯಿಟ್ಟು ಅಳುತ್ತಿದ್ದ. ಅವನಿಗೆ ಸಿಟ್ಟು ಬಂತು. “ಅಂಗಡಿ ನನಗ ಸೇರತೈತಿ. ಸುಮ್ನ ಯಾಕ ಅಳಸ್ತಿ?”

೪

ಜಗಳ ಹತ್ತಿದ್ದು ಒಂದು ರವಿವಾರ ಮುಂಜಾನೆ. ಈಗ ಅಂಗಡಿಯಲ್ಲೂ ಕೈಜೋಡಿಸುವ ಮಗಳು ಸಂಪದಾ, ಸಣ್ಣ ಕುಂಚವೊಂದನ್ನು ತಂದು ಅಪ್ಪನ ಮುಂದಿಟ್ಟಳು.

“ಬಾಬಾ, ಹೇ ನಾಯ್ಲಾನ್ ಆಹೆ. ಇದರಾಗ ಪ್ರಾಣಿ ಗೀಣಿ ಇಲ್ಲ. ಆತಾ ಆಯಿಚೇ ಡೋಳೇ ಕಾಢಾ.”

ಮರಾಠಿಯಲ್ಲಿ ಚಿತ್ರವನ್ನು ‘ತೆಗೆಯುತ್ತಾರೆ’. ಇನ್ನು ಅವ್ವನ ಕಣ್ಣು ತೆಗೆಯಿರಿ ಎಂದಳು.

“ಇದ್ದರ ತಗೀತಾರವ್ವ,” ಅಂದಳು ಶಾಲನ, ಭೂಪಾಲನ ಹೆಂಡತಿ. ಮದುವೆಯ ಹೊಸತರಲ್ಲಿ ಶುರು ಮಾಡಿದ ಅವಳ ಚಿತ್ರ ಇಂದಿಗೂ ಗೋಡೆಗೆ ಒರಗಿದೆ. ಕಣ್ಣೊಂದು ಬಿಟ್ಟು ಎಲ್ಲ ಮುಗಿದಿದೆ. ಅವಳು ಸ್ಟೂಲಿನ ಮೇಲೆ ಬಂದು ಕುಳಿತಳು. “ಬರೀರಿ. ಗಲ್ಲ ಇಳದಾವು. ಕಣ್ಣರೆ ಅವ ಅದಾವು.”

ಭೂಪಾಲ ಕುಂಚ ಅದ್ದಿದ. ಚಿತ್ರ ನೋಡಿದ, ಕುಂಚ ನೋಡಿದ, ಕಿಟಕಿ ನೋಡಿದ.

“ಖಂಡೇರಾಜುರಿ ರೈತರು ರೋಗ ಬಿದ್ದ ದ್ರಾಕ್ಷಿ ಎಲಿ ಅಂಗಡಿಗೆ ತಂದ್ರ ಬೆಳಕಿಗೆ ಹಿಡದು ಎಷ್ಟೊತ್ತು ನೋಡ್ತೀರಿ! ನನ್ನ ಮಾರಿ ಒಮ್ಮೆರೆ ಹಂಗ ನೋಡೀರೇನು?”

“ನೇಮ ಐತಲ್ಲ, ಶಾಲನ…”

“ನೇಮ ಕುಂಚದ್ದರಿ. ನೋಡಬ್ಯಾಡ ಅಂತ ಯಾರ ನೇಮ ಕೊಟ್ಟಾರ?”

ನಾನು ‘ಹೇಡಿ’ ಎಂದು ಬರೆದದ್ದು ಇಲ್ಲಿ. ಅವನು ಹಾಳೆಯೊಳಗಿಂದ ಎದ್ದು ನನ್ನ ಮೈಮೇಲೆಯೇ ಬಂದ. ನಾನೂ ಬಿಡಲಿಲ್ಲ.

“ಪೆನ್ಸಿಲ್ ಇತ್ತಲ್ಲೋ? ನಾಯ್ಲಾನ್ ಕುಂಚ ಪೇಟೆಗೆ ಬಂದು ಎಷ್ಟು ಕಾಲ ಆತು?”

ಅವನ ದನಿ ಇಳಿಯಿತು. “ಕಣ್ಣ ಬರೀಲಿಲ್ಲಂದ್ರ ನಾ ಕಲಾವಿದ. ಬರದು ಕೆಟ್ಟಿತಂದ್ರ ಔಷಧದಂಗಡಿ ಭೂಪಾಲ, ಅಷ್ಟ. ಏನ ಮಾಡ್ಲಿ? ನೀನ ಹೇಳು.”

೫

ಸರಿ, ಕೊನೆಗಳು.

ಅ) ಬರೆದ. ಕಣ್ಣು ಜೀವ ತಳೆಯಿತು. ಶಾಲನ ಬಿಕ್ಕಿದಳು. (ಹ್ಯಾಪಿ ಎಂಡಿಂಗ್. ಕ್ಯಾಲೆಂಡರಿಗೆ ಆದೀತು.)

ಆ) ಬರೆದ. ಕೆಟ್ಟಿತು. ಕುಂಚವನ್ನು ಕೃಷ್ಣೆಗೆ ಎಸೆದ. (ನಾಟಕ.)

ಎರಡನ್ನೂ ಭೂಪಾಲನಿಗೆ ಓದಿ ಹೇಳಿದೆ. “ಮೊದಲಿನದ ಇರ್ಲಿ,” ಅಂದ, ನಾಚಿಕೆಯಿಲ್ಲದೆ. ಬರೆಯಲು ಕುಳಿತೆ. ಸ್ಟೂಲು ಖಾಲಿ.

ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು ಶಾಲನ. “ಸಂಪದಾ, ಅನ್ನಕ್ಕಿಟ್ಟೀನಿ. ಸೀಟಿ ಆದ್ರ ಗ್ಯಾಸ ಆರಸು.”

“ಎಲ್ಲಿಗೆ ಹೊಂಟಿ?” ಭೂಪಾಲ ಕೇಳಿದ, ಚಿತ್ರದ ಕಡೆ ಮುಖ ಮಾಡಿಕೊಂಡೇ.

“ಮಾರಿ ನಿಮ್ಮ ಕಡೆ ಐತೆಲ್ಲ, ಇಟಗೋರಿ. ಕಣ್ಣ ನಾ ಒಯ್ತೀನಿ.”

ಹೋದಳು.

“ಅಕಿನ್ನ ತಡಿಯೋ! ಬರಿಯಾವ ನೀನ ಅದೀ!” ಎಂದು ನನ್ನ ಮೇಲೆ ಕಿರುಚಿದ. ‘ಶಾಲನ ತಿರುಗಿ ಬಂದಳು’ ಎಂದು ಬರೆದೆ. ಬರಲಿಲ್ಲ. ಹೊಡೆದುಹಾಕಿ ದಪ್ಪ ಅಕ್ಷರದಲ್ಲಿ ಬರೆದೆ. ಹೊರಗೆ ಶೇರ್ ರಿಕ್ಷಾ ಒಂದು ನಿಂತು ಹೊರಟ ಸದ್ದಾಯಿತು. ಸಾಂಗಲಿಗೋ, ಮಾಧವನಗರಕ್ಕೋ ಗೊತ್ತಾಗಲಿಲ್ಲ.

ಭೂಪಾಲ ಕುಂಚ ಹಿಡಿದುಕೊಂಡು ನನ್ನನ್ನು ಕೇಳುತ್ತಿದ್ದಾನೆ: “ಅಕಿ ಕಣ್ಣ ಕರೇವೋ, ಕಂದೋ?”

ಬರೆದ ಹಾಳೆಗಳನ್ನೆಲ್ಲ ತಿರುವಿದೆ, ಹರಿದದ್ದನ್ನೂ ಜೋಡಿಸಿ ನೋಡಿದೆ. ನಾನೂ ಎಲ್ಲೂ ಬರೆದಿಲ್ಲ.