ವಾಯು ಸಾಯದ ರೀಲು

ಇದನ್ನು ಹೇಳಲು ನೀನು ಯಾರು ಎಂದು ಓದುವವರು ಕೇಳಬಹುದು. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಗಲು ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದವನು ನಾನು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಬರೆಯಲು ಆದಷ್ಟು ಯತ್ನಿಸಿದ್ದೇನೆ. ಎಲ್ಲಾದರೂ ಎರಡೂ ಕಲಸಿಹೋಗಿದ್ದರೆ ಅದು ಬೇಕೆಂದು ಮಾಡಿದ್ದಲ್ಲ.

ಎಂಬತ್ತೆಂಟರ ಮಾತು. ನಾನು ಮುಂಬಯಿಯ ಚೆಂಬೂರಿನ ಒಂದು ಥಿಯೇಟರಿನಲ್ಲಿ ಬುಕಿಂಗ್ ಕ್ಲಾರ್ಕ್. ನನ್ನ ತಮ್ಮ ದಾನಪ್ಪನಿಗೂ ಅಲ್ಲೇ ಕೆಲಸ, ರೀಲು ಒಯ್ಯುವುದು. ಆಗ ಒಂದೇ ಪ್ರಿಂಟನ್ನು ಎರಡು ಥಿಯೇಟರುಗಳು ಹಂಚಿಕೊಳ್ಳುತ್ತಿದ್ದವು. ಆಟ ನಮ್ಮಲ್ಲಿ ಮೊದಲು ಸುರುವಾಗುತ್ತಿತ್ತು, ದಾದರಿನ ಥಿಯೇಟರಿನಲ್ಲಿ ತಡವಾಗಿ. ನಮ್ಮಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಡಬ್ಬಿಗೆ ಹಾಕಿ, ಲೋಕಲ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ, ಅಲ್ಲಿಗೆ ಮುಟ್ಟಿಸಬೇಕು. ಮೊದಲಿನ ಡಬ್ಬಿಗಳನ್ನು ಬೇರೆಯವರು ಒಯ್ಯುತ್ತಿದ್ದರು. ಕೊನೆಯ ಎರಡು ದಾನಪ್ಪನ ಪಾಲು. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಂಬರನ್ನು ನೋಡಿಕೊಂಡು ಆಪರೇಟರ್ ರೀಲು ಏರಿಸುತ್ತಿದ್ದ.

ಆ ಮಳೆಗಾಲಕ್ಕೆ ಬಂದ ಹಿಂದಿ ಸಿನಿಮಾ ‘ಪಾಂಚ್ ಜ್ವಾಲಾ’. ಐದು ಮಂದಿ ಶಕ್ತಿವಂತರು ಒಂದು ತಂಡ ಕಟ್ಟಿ ನಗರ ಉಳಿಸುವ ಕತೆ. ಒಬ್ಬ ಬೆಂಕಿ ಉಗುಳುತ್ತಾನೆ, ಒಬ್ಬ ನೀರಿನ ಮೇಲೆ ನಡೆಯುತ್ತಾನೆ. ಹಳದಿ ಶಾಲಿನ ವಾಯು ಹಾರುತ್ತಾನೆ. ಕೊನೆಯ ರೀಲಿನಲ್ಲಿ ವಾಯು ಸಾಯುತ್ತಾನೆ, ಉಳಿದ ನಾಲ್ವರು ಅವನ ಶಾಲನ್ನು ಸಮುದ್ರಕ್ಕೆ ಬಿಡುತ್ತಾರೆ. ಅದರ ಹಿಂದಿನ ರೀಲಿನಲ್ಲಿ ಐವರೂ ನಗುತ್ತ, ಹೆಗಲಿಗೆ ಹೆಗಲು ಕೊಟ್ಟು ಯುದ್ಧಕ್ಕೆ ಹೊರಡುತ್ತಾರೆ.

ವಾಯು ಸತ್ತದ್ದನ್ನು ಜನ ಒಪ್ಪಲಿಲ್ಲ. ಮೊದಲ ವಾರವೇ ಮುಂದಿನ ಸಾಲಿನ ಕುರ್ಚಿಗಳು ಹರಿದವು. ಹಳದಿ ಕರವಸ್ತ್ರ ಕಟ್ಟಿದ ಗಂಡಸರು ಗೇಟಿನ ಹೊರಗೆ ನಿಲ್ಲತೊಡಗಿದರು. ‘ವಾಯುವಾಲೇ’ ಎಂದು ಅವರಿಗೆ ಹೆಸರು ಬಿತ್ತು. ಅವರ ಮುಂದಾಳು ದೂಜ, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಮೆತ್ತಗಿನ ಮಾತು. ಒಂದು ದಿನ ನನ್ನ ಕಿಟಕಿಗೆ ಬಗ್ಗಿದ.

“ಈರಣ್ಣ, ಒಂದು ಮಾತು ಹೇಳ್ಲಿಕ್ಕುಂಟು. ಬೇಜಾರು ಮಾಡ್ಬೇಡಿ ಮಾರಾಯ್ರೆ. ಆ ಕೊನೇ ಡಬ್ಬಿ ದಾದರಿಗೆ ಹೋಗದಿದ್ರೆ ಅಲ್ಲಿ ವಾಯು ಸಾಯುದಿಲ್ಲ, ಅಲ್ವಾ?”

“ಅಲ್ಲಿ ಸಾಯದಿದ್ರೂ ಇಲ್ಲಿ ಸತ್ತಿರ್ತಾನಲ್ರಿ,” ಎಂದೆ.

“ಇಲ್ಲಿದ್ದು ಆಮೇಲೆ ನೋಡುವ,” ಎಂದು ನಕ್ಕು, ಟಿಕೆಟ್ ತಗೊಂಡು ಒಳಗೆ ಹೋದ.

ನಾನು ಹೆದರಿ ದಾನಪ್ಪನಿಗೆ ಹೇಳಿದೆ. ಅವನಿಗೆ ಅದೆಲ್ಲ ತಮಾಷೆ. ಸೀಮೆಸುಣ್ಣ ಒರೆಸಿ, ಎರಡೂ ಮುಚ್ಚಳಗಳ ನಂಬರನ್ನು ಅದಲುಬದಲು ಮಾಡಿ ಬರೆದ.

“ಕಸಗೊಂಡ್ರ ಕಸಗೊಳ್ಳಲಿ ಬಿಡಣ್ಣಾ. ಬ್ಯಾರೆ ಡಬ್ಬಿ ಸಿಗತೈತಿ ಮಕ್ಕಳಿಗೆ! ದಾದರದಾಗ ಆಪರೇಟರ್‌ಗ ಹೇಳಿ ಕೊಡತೀನಿ.”

ದಾರಿಯಲ್ಲಿ ಯಾರೂ ಕಸಿಯಲಿಲ್ಲ. ಆದರೆ ದಾದರಿನ ಥಿಯೇಟರಿನ ಮೆಟ್ಟಿಲ ತುಂಬ ಹಳದಿ ಕರವಸ್ತ್ರಗಳಿದ್ದವಂತೆ. ದಾನಪ್ಪನಿಗೆ ಮೇಲೆ ಹೋಗಲಾಗಲಿಲ್ಲ. ಹಿಂದಿನ ಗಲ್ಲಿಯಿಂದ ಡಬ್ಬಿಗಳನ್ನು ಕಾವಲುಗಾರನ ಕೈಗೆ ದಾಟಿಸಿದ. ಹೇಳಬೇಕಾದ ಮಾತು ಬಾಯಲ್ಲೇ ಉಳಿಯಿತು.

ಅಂದು ದಾದರಿನಲ್ಲಿ ವಾಯು ಮೊದಲು ಸತ್ತ. ಪರದೆಯ ಮೇಲೆ ‘ಸಮಾಪ್ತ್’ ಬಂತು. ಜನ ಬೈಯುತ್ತ ಎದ್ದರು. ಅಷ್ಟರಲ್ಲಿ ಇನ್ನೊಂದು ರೀಲು ಹತ್ತಿತು, ಪರದೆ ಮತ್ತೆ ಬೆಳಗಿತು. ಐವರೂ ನಗುತ್ತ ನಡೆದು ಬಂದರು, ವಾಯು ನಡುವೆ. ಅಲ್ಲಿದ್ದವರು ಹೇಳಿದ್ದು: ಕಟ್ಟಡ ಬೀಳುವಂಥ ಕೂಗು. ಆಪರೇಟರಿಗೆ ತಪ್ಪು ಗೊತ್ತಾಯಿತು, ಆದರೆ ಯಂತ್ರ ನಿಲ್ಲಿಸಲು ಧೈರ್ಯ ಬರಲಿಲ್ಲ. ಕೆಲವರು ನೆಲಕ್ಕೆ ಹಣೆ ಹಚ್ಚಿದರಂತೆ.

ಆಂಟಾಪ್ ಹಿಲ್‌ನ ನಮ್ಮ ಖೋಲಿಯಲ್ಲಿ ದಾನಪ್ಪ ಇದನ್ನು ಹೇಳಿ ಹೊಟ್ಟೆ ಹಿಡಿದು ನಕ್ಕ. ಅವನ ಹೆಂಡತಿ ರುದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಸತ್ತಾಂವ ಎದ್ದು ಬಂದ್ನಂತ ಮಂದಿ ನಂಬಿದ್ರೇನು?”

“ನಂಬಿದ್ರ? ಕುಣದಾಡಿದ್ರಲೇ!”

“ಹಂಗಾರ ನಾಳೆ ಮತ್ತ ಎಬ್ಬಸಂತಾರ. ಆಗೇನ ಮಾಡ್ತಿ?”

ದಾನಪ್ಪ ರೊಟ್ಟಿ ಮುರಿದ.

ಅವಳು ಹೇಳಿದಂತೆಯೇ ಆಯಿತು. ದಾದರಿನಲ್ಲಿ ವಾಯು ಬದುಕುತ್ತಾನೆ ಎಂದು ಸುದ್ದಿ ಹಬ್ಬಿ ಕಲ್ಯಾಣದಿಂದ, ವಿರಾರಿನಿಂದ ಜನ ಬಂದರು. ಈ ಸಲ ರೀಲುಗಳು ಸರಿಯಾದ ಕ್ರಮದಲ್ಲಿದ್ದವು. ವಾಯು ಸತ್ತ, ದೀಪ ಹತ್ತಿತು, ಮತ್ತೇನೂ ಬರಲಿಲ್ಲ. ಜನ ಕೂತೇ ಇದ್ದರು. ಪೊಲೀಸರು ಬಂದು ಎಬ್ಬಿಸಬೇಕಾಯಿತು. ಮರುದಿನವೂ ಹೀಗೆಯೇ. ಸಾವಿನ ಆಚೆ ಇನ್ನೊಂದು ರೀಲು ಇದೆ, ಅದನ್ನು ಒಯ್ಯುವವನೇ ಮುಚ್ಚಿಟ್ಟಿದ್ದಾನೆ ಎಂಬ ಮಾತು ಹುಟ್ಟಿತು.

ದೂಜ ಮತ್ತೆ ಕಿಟಕಿಗೆ ಬಂದ. ಈ ಸಲ ಟಿಕೆಟ್ ಕೇಳಲಿಲ್ಲ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ಸೀಮೆಸುಣ್ಣದ ನಂಬರು, ಹಿಂದುಮುಂದಾದ ರೀಲು, ಗಲ್ಲಿಯ ಕಾವಲುಗಾರ. ಅವನು ತಾಳ್ಮೆಯಿಂದ ಕೇಳಿದ.

“ನೀವು ಸುಳ್ಳು ಹೇಳುವವರಲ್ಲ ಈರಣ್ಣ. ಆದ್ರೆ ನಿಮ್ಮ ತಮ್ಮ ನಿಮಗೆ ಹೇಳಿದ್ದು ಮಾತ್ರ ನಿಮಗೆ ಗೊತ್ತು. ‘ಸಮಾಪ್ತ್’ ಆದ್ಮೇಲೆ ಅವ ಎದ್ದು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.”

“ಅದು ಹಿಂದಿನ ರೀಲು, ದೂಜಣ್ಣಾ! ಇಲ್ಲಿ ದಿನಾ ನೋಡ್ತೀರಲ್ಲ, ಅದೇ ನಗು, ಅದೇ ನಡಿಗೆ!”

“ಅದೇ ಅಲ್ಲ. ಅಲ್ಲಿ ಅವ ನಮ್ಮನ್ನು ನೋಡಿ ನಕ್ಕ,” ಎಂದ. ಕಿಟಕಿಗೆ ಇನ್ನಷ್ಟು ಬಗ್ಗಿ, “ದಾನಪ್ಪನಿಗೆ ಹೇಳಿ, ಆ ರೀಲು ಕೊಡ್ಲಿ. ನಾನು ಒಬ್ಬಿಬ್ಬರನ್ನು ಹಿಡಿದು ನಿಲ್ಲಿಸಬಹುದು. ಎಲ್ಲರನ್ನೂ ಎಷ್ಟು ದಿನ ನಿಲ್ಲಿಸ್ಲಿಕ್ಕೆ ಆಗ್ತದೆ?” ಎಂದ.

ಮ್ಯಾನೇಜರರ ಬಳಿ ಹೋಗಿ, ಸಿನಿಮಾ ಬದಲಾಗುವವರೆಗೆ ತಮ್ಮನಿಗೆ ಬೇರೆ ಕೆಲಸ ಕೊಡಿ ಎಂದು ಕೇಳಿಕೊಂಡೆ. ದಾರಿ ಬಲ್ಲವನು ಅವನೇ, ಹೌಸ್‌ಫುಲ್ ಓಡುವಾಗ ಹೊಸಬನನ್ನು ಎಲ್ಲಿಂದ ತರಲಿ ಎಂದರು. ರೀಲನ್ನು ಹಿಂದುಮುಂದಾಗಿಯೇ ತೋರಿಸಿಬಿಡಿ ಎಂದೂ ಬೇಡಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ರಾತ್ರಿಶಾಲೆಯಲ್ಲಿ ಇದನ್ನೇ ಕಲಿಸಿದರಾ ಎಂದರು. ದಾನಪ್ಪನಿಗೆ ರಜೆ ಹಾಕು ಎಂದೆ.

“ರಜಾ ಹಾಕಿದ್ರ ರೀಲು ಮುಚ್ಚಿಟ್ಟದ್ದು ಖರೇ ಅಂತಾರ,” ಎಂದ. ಆಗ ಅವನು ನಗುತ್ತಿರಲಿಲ್ಲ.

ಆ ಶನಿವಾರ ಮ್ಯಾಟಿನಿಯ ಕೊನೆಯ ಡಬ್ಬಿಗಳೊಂದಿಗೆ ಅವನು ಹೊರಟಾಗ ಕಿಟಕಿ ಮುಚ್ಚಿ ನಾನೂ ಸ್ಟೇಷನ್ನಿಗೆ ಹೋದೆ. ಮುಚ್ಚಳಗಳ ನಂಬರು ಸರಿಯಾಗಿದ್ದವು. ಅದನ್ನು ನಾನೇ ನೋಡಿದ್ದೇನೆ. ಮಳೆ ನಿಂತು ಸಂಜೆಯ ಬಿಸಿಲು ಬಿದ್ದಿತ್ತು. ಗಾಡಿಯ ಲಗೇಜ್ ಬೋಗಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಾಲ್ಕೈದು ಮಂದಿ ನಿಂತಿದ್ದರು. ಒಬ್ಬನ ಕೊರಳಲ್ಲಿ ಹಳದಿ ಕರವಸ್ತ್ರವಿತ್ತು. ನಾನು ದಾನಪ್ಪನ ತೋಳು ಹಿಡಿದೆ.

“ಮುಂದಿನ ಗಾಡಿಗೆ ಹೋಗೋ.”

“ಅಲ್ಲಿ ಪರದೆ ಖಾಲಿ ಬೀಳತೈತಿ ಅಣ್ಣಾ. ಆಗ ಮಂದಿ ಆಪರೇಟರ್‌ನ ಬಡೀತಾರ.”

ಕರವಸ್ತ್ರದವನು ಪಕ್ಕಕ್ಕೆ ಸರಿದು, “ಆವೋ ಭಾವೂ,” ಎಂದು ಜಾಗ ಮಾಡಿಕೊಟ್ಟ. ಡಬ್ಬಿ ಎತ್ತಿಕೊಳ್ಳಲೂ ಕೈ ಕೊಟ್ಟ. ಗಾಡಿ ಹೊರಟಿತು. ದಾನಪ್ಪ ನನ್ನ ಕಡೆ ತಿರುಗಿ, ಅಡಿಗೆ ಮಾಡಿ ಇಡಲು ಹೇಳು ಎಂಬಂತೆ ಬಾಯಿಯ ಕಡೆ ಕೈ ಮಾಡಿದ.

ನಾನು ಥಿಯೇಟರಿಗೆ ಮರಳಿ ಆಫೀಸಿನಲ್ಲಿ ಕೂತಿದ್ದೆ. ದಾದರಿನಿಂದ ಫೋನು ಬಂತು, ರೀಲು ಬಂದಿಲ್ಲ ಎಂದು. ಪರದೆ ಬೆಳ್ಳಗೆ ನಿಂತಾಗ ಅಲ್ಲಿ ಒಬ್ಬರೂ ಸಿಳ್ಳೆ ಹಾಕಲಿಲ್ಲವಂತೆ. ಎಲ್ಲರೂ ಮೆಲ್ಲಗೆ ಎದ್ದು, ದುಡ್ಡು ವಾಪಸು ಕೇಳದೆ, ಸಾಲಾಗಿ ಹೊರಗೆ ಹೋದರಂತೆ. ಅಂದು ದಾದರಿನಲ್ಲಿ ವಾಯು ಸಾಯಲಿಲ್ಲ.

ಡಬ್ಬಿಗಳು ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕವು, ಗೋಡೆಗೆ ಒರಗಿಸಿಟ್ಟಂತೆ. ದಾನಪ್ಪ ಸಿಗಲಿಲ್ಲ. ಎರಡೂ ರೀಲುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮುಚ್ಚಳದ ಮೇಲಿನ ನಂಬರುಗಳು ಮಾತ್ರ ಅದಲುಬದಲಾಗಿದ್ದವು. ಇದು ನಿನ್ನ ತಮ್ಮನ ಕೈಬರಹವೇ ಎಂದು ಪೊಲೀಸರು ಕೇಳಿದರು. ಬಹಳ ಹೊತ್ತು ನೋಡಿದೆ. ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ದೂಜ ಆ ಸಂಜೆಯೆಲ್ಲ ಹೋಟೆಲಿನ ಗಲ್ಲಾದಲ್ಲೇ ಇದ್ದನೆಂದು ಹತ್ತು ಮಂದಿ ಹೇಳಿದರು. ಮಾರನೆಯ ವಾರ ಸಿನಿಮಾ ಬದಲಾಯಿತು.

ರುದ್ರವ್ವ ಈಗಲೂ ಹಸಿರು ಬಳೆ ತೊಡುತ್ತಾಳೆ. ಬಾಗಿಲಲ್ಲಿ ಸದ್ದಾದರೆ ಅವಳು ನನ್ನ ಮುಖ ನೋಡುತ್ತಾಳೆ, ನಾನು ಅವಳದ್ದು ನೋಡುತ್ತೇನೆ. ಆ ನಂಬರುಗಳನ್ನು ಹೆದರಿ ಅವನೇ ಬದಲಿಸಿದನೋ, ಅವನ ಕೈಯಿಂದಲೇ ಬದಲು ಮಾಡಿಸಿದರೋ, ಅವನನ್ನು ಎತ್ತಲೋ ಕಳಿಸಿದ ಮೇಲೆ ಬೇರೆಯವರು ಬರೆದರೋ ನನಗೆ ಗೊತ್ತಿಲ್ಲ. ದಾನಪ್ಪ ಇದ್ದಾನೋ ಇಲ್ಲವೋ, ಅದೂ ಗೊತ್ತಿಲ್ಲ.