ತೂತಿಲ್ಲದ ಹಲಗೆ

"ಆರ್ಗನ್ನಿನ ಹಿಂದಿನ ಹಲಗೆ ಬಿಚ್ಚಿಟ್ಟು, ಎದುರಿಗೆ ಫ್ಯಾನ್ ಹಾಕ್ಕೊಂಡು ಶ್ರುತಿ ಮಾಡ್ತಿದ್ದೀರಲ್ಲ ಭಾವ, ನಿಮ್ಮ ತಲೇಲಿ ಇರೋದು ಮಿದುಳಾ, ಮರದ ಹೊಟ್ಟಾ?"

"ಬಾಯಿ ಮುಚ್ಚು. ವಾಲ್ವ್ ತಣ್ಣಗಿದ್ರೆ ಬಾಳಿಕೆ ಬರುತ್ತೆ. ನೀನು ರೇಡಿಯೋ ರಿಪೇರಿಯವನು, ರೇಡಿಯೋ ನೋಡ್ಕೋ ಹೋಗು."

"ಇದರೊಳಗೂ ಇರೋದು ಅದೇ ವಾಲ್ವು. ನಾನು ಮಾಡಿಕೊಟ್ಟ ಹಲಗೆ ಎಲ್ಲಿ?"

"ಒಲೆಗೆ ಹಾಕಿಸ್ದೆ. ಇಲಿ ಕೊರೆದ ಹಾಗೆ ಹನ್ನೆರಡು ತೂತು! ಸಮಿತಿಯವರು ನೋಡಿದ್ರೆ ನಗಲ್ವಾ? ಇದು ನೋಡು, ಹೊಸದು. ಪಾಲಿಶ್ ಹೇಗಿದೆ ಅಂದ್ರೆ ಮುಖ ಕಾಣುತ್ತೆ."

ಕಾಣುತ್ತಿತ್ತು, ಅವನದೇ ಮುಖ. ಅವನಿಗೆ ಬೇಕಾದದ್ದೂ ಅಷ್ಟೇ.

ಅಕ್ಕನ ಗಂಡ ಈ ಎಲೆಕ್ಟ್ರಾನಿಕ್ ಆರ್ಗನ್ನನ್ನು ಮುಚ್ಚಿಹೋದ ಚಿತ್ರಮಂದಿರವೊಂದರಿಂದ ತಂದು ಸಭಾಂಗಣದಲ್ಲಿ ಇರಿಸಿದ್ದ. ನುಡಿಸುವವಳು ಅಕ್ಕ. ನಾಲ್ಕು ಗಂಟೆಗೆ ಸಭಾಂಗಣದ ಸಮಿತಿಯ ಐವರು ಕೇಳಲು ಬರುವವರಿದ್ದರು. ಒಪ್ಪಿದರೆ ಅಕ್ಕ ಅಲ್ಲಿನ ಖಾಯಂ ವಾದಕಿ. ಇಲ್ಲವಾದರೆ ಪಿಯಾನೋದವನು ಬರುತ್ತಾನೆ. ಆರು ವರ್ಷ ಅವಳು ಪಾತ್ರೆ ತೊಳೆದ ಕೈ ಒರೆಸಿಕೊಂಡು ನೇರ ಅಭ್ಯಾಸಕ್ಕೆ ಕೂತಿದ್ದಾಳೆ. ಭಾವನೂ ಕೂತಿದ್ದಾನೆ, ಕುರ್ಚಿಯಲ್ಲಿ, ತಪ್ಪು ಹೇಳಲು.

ವಾಲ್ವ್ ಎಂದರೆ ಬ್ರಹ್ಮವಿದ್ಯೆಯಲ್ಲ. ಗಾಳಿ ತೆಗೆದ ಗಾಜಿನ ಬುರುಡೆ. ನಡುವೆ ಒಂದು ತಂತಿ ಕೆಂಪಗೆ ಕಾಯುತ್ತದೆ. ಆ ಕಾವಿಗೆ ಎಲೆಕ್ಟ್ರಾನುಗಳು ಎದ್ದು ಸುತ್ತಲಿನ ತಗಡಿನತ್ತ ಓಡುತ್ತವೆ. ದಾರಿಯಲ್ಲಿ ಒಂದು ಜಾಲರಿ ಇದೆ, ಕೆರೆ ತೂಬಿನ ಹಲಗೆಯಿದ್ದಂತೆ. ಅದಕ್ಕೆ ಚೂರು ವಿದ್ಯುತ್ತು ಮುಟ್ಟಿಸಿದರೆ ಸಾಕು, ಇಡೀ ಹರಿವು ಹೆಚ್ಚುಕಮ್ಮಿಯಾಗುತ್ತದೆ. ತಗಡು ತಲುಪಿದ್ದರಲ್ಲಿ ಒಂದು ಪಾಲನ್ನು ತಾಮ್ರದ ಸುರುಳಿಯ ಮೂಲಕ ಮತ್ತೆ ಜಾಲರಿಗೇ ಕೊಟ್ಟರೆ, ತನ್ನ ಬಾಲ ಹಿಡಿಯಲು ಹೋದ ನಾಯಿಯಂತೆ ಅದು ಸುತ್ತತೊಡಗುತ್ತದೆ. ಸೆಕೆಂಡಿಗೆ ಎಷ್ಟು ಸುತ್ತು ಎನ್ನುವುದೇ ಸ್ವರ. ಈ ಆರ್ಗನ್ನಿನಲ್ಲಿ ಹನ್ನೆರಡು ಸ್ವರಕ್ಕೆ ಹನ್ನೆರಡು ತಾಯಿ ವಾಲ್ವ್‌ಗಳು. ಕೆಳಗಿನ ಸ್ಥಾಯಿಯವು ತಾಯಿಯ ಸುತ್ತನ್ನು ಅರ್ಧ, ಕಾಲು ಮಾಡಿಕೊಂಡು ಹಾಡುತ್ತವೆ. ತಾಯಿ ಜಾರಿದರೆ ಸಂಸಾರವೇ ಜಾರಿತು.

ಮತ್ತೆ ಅವು ಜಾರುವುದು ಬಿಸಿಗೆ. ಪೆಟ್ಟಿಗೆ ಮುಚ್ಚಿದ ಮೇಲೆ ಒಳಗೆ ಕಾವು ಏರುತ್ತದೆ, ಸುರುಳಿ ಹಿಗ್ಗುತ್ತದೆ, ಸ್ವರ ಇಳಿಯುತ್ತದೆ. ಅದಕ್ಕೇ ನಾನು ಹಲಗೆಯಲ್ಲಿ ಪ್ರತಿ ಸುರುಳಿಯ ನೇರಕ್ಕೆ ಒಂದೊಂದು ತೂತು ಕೊರೆದಿದ್ದು. ಹಲಗೆ ಮುಚ್ಚಿ, ಎರಡು ಗಂಟೆ ಕಾಯಲು ಬಿಟ್ಟು, ಆಮೇಲೆ ತೂತಿನಿಂದ ಉದ್ದನೆಯ ಮರದ ಕಡ್ಡಿ ತೂರಿಸಿ ಸುರುಳಿಯ ತಿರುಪು ತಿರುಗಿಸಿ ಶ್ರುತಿ ಮಾಡಬೇಕು. ಇಷ್ಟನ್ನು ಈ ಮಹಾಶಯನಿಗೆ ನಾಲ್ಕು ಸಲ ಹೇಳಿದ್ದೇನೆ. ಕೋಣನ ಮುಂದೆ ಕಿನ್ನರಿ.

"ಇನ್ನೂ ಎರಡೂವರೆ ಗಂಟೆ ಇದೆ. ಡ್ರಿಲ್ ತಂದಿದ್ದೀನಿ, ಹತ್ತು ನಿಮಿಷದ ಕೆಲಸ."

"ಆ ಹಲಗೆ ಮುಟ್ಟಿದ್ರೆ ಕೈ ಮುರೀತೀನಿ."

"ರೀ, ಅವನು ಹೇಳೋದು ಒಂದ್ಸಲ ಕೇಳಿ" ಎಂದಳು ಅಕ್ಕ.

"ನಿನ್ನ ತಮ್ಮನ ಮಾತು ಕೇಳಿದ್ರೆ ನಾನೂ ರಸ್ತೆ ಬದಿ ಸ್ಟೂಲ್ ಹಾಕ್ಕೊಂಡು ಕೂರಬೇಕಾಗುತ್ತೆ."

ಅಕ್ಕ ನನ್ನ ತೋಳು ಹಿಡಿದಳು. "ಬಿಡೋ. ಇವತ್ತೊಂದು ದಿನ ಜಗಳ ಬೇಡ ಕಣೋ."

ಬಿಟ್ಟೆ. ಬಿಡಬಾರದಿತ್ತು.

ನಾಲ್ಕಕ್ಕೆ ಐವರೂ ಬಂದು ಮುಂದಿನ ಸಾಲಿನಲ್ಲಿ ಕೂತರು. ಜೊತೆಗೆ ನುಡಿಸಲು ಇಬ್ಬರು ಪಿಟೀಲಿನವರು. ಭಾವ ಆಗಷ್ಟೇ ಹಲಗೆ ಮುಚ್ಚಿ, ಕರವಸ್ತ್ರದಿಂದ ಒರೆಸಿ, ಮದುವೆ ಗಂಡಿನಂತೆ ಪಕ್ಕದಲ್ಲಿ ನಿಂತ. ಮೊದಲ ಕೃತಿ ಚೆನ್ನಾಗಿಯೇ ಹೋಯಿತು. 'ಈಗೇನಂತೀಯ' ಎಂಬಂತೆ ಅವನು ನನ್ನತ್ತ ಹುಬ್ಬು ಹಾರಿಸಿದ.

ಮೂರನೆಯದಕ್ಕೆ ಬರುವಷ್ಟರಲ್ಲಿ ನಾನು ಹಿಂದೆ ಹೋಗಿ ಹಲಗೆಗೆ ಅಂಗೈ ಇಟ್ಟೆ. ರೊಟ್ಟಿ ಹಂಚು. ಸ್ವರ ಇಳಿಯತೊಡಗಿತ್ತು. ಎಲ್ಲವೂ ಒಂದೇ ಸಮ ಇಳಿದಿದ್ದರೆ ಪಿಟೀಲಿನವರು ಹೇಗೋ ಹೊಂದಿಕೊಳ್ಳುತ್ತಿದ್ದರು. ಕಾವು ಕೂಡುವ ನಡುವಿನ ವಾಲ್ವ್‌ಗಳು ಹೆಚ್ಚು ಇಳಿದವು, ಅಂಚಿನವು ಕಡಿಮೆ. ಒಬ್ಬ ಪಿಟೀಲಿನವನು ಬೆರಳು ಜಾರಿಸಿ ಹಿಂಬಾಲಿಸಿದ, ಇನ್ನೊಬ್ಬ ಹಟ ಹಿಡಿದ. ಮೂವರು ಮೂರು ದಾರಿ.  ಅಕ್ಕ ಕೆಟ್ಟ ಸ್ವರಗಳನ್ನು ಬಿಟ್ಟು ದಾಟಲು ನೋಡಿದಳು, ಆಗಲಿಲ್ಲ, ನಿಲ್ಲಿಸಿದಳು.

"ಏನಾಯ್ತು?" ಸಮಿತಿಯ ಹಿರಿಯರು ಕೇಳಿದರು.

ಭಾವ ಒಂದು ಹೆಜ್ಜೆ ಮುಂದೆ ಬಂದ. "ಕ್ಷಮಿಸಬೇಕು. ಯಂತ್ರದಲ್ಲಿ ಏನೂ ದೋಷ ಇಲ್ಲ, ಶ್ರುತಿ ಮಾಡಿದವನು ನಾನೇ. ನಮ್ಮವಳ ಬೆರಳು ಅಷ್ಟೇ. ಹೆದರಿದ್ರೆ ಒತ್ತು ಕಮ್ಮಿಯಾಗುತ್ತೆ, ಸ್ವರ ಇಳಿದ್ಬಿಡುತ್ತೆ."

ಇಂಥ ಮಾತಾಡಲು ಬರೀ ದಡ್ಡತನ ಸಾಲದು, ನಾಚಿಕೆಗೇಡಿತನವೂ ಬೇಕು. ಬೆರಳಿಟ್ಟು ನುಡಿಸುವ ಆ ಪಟ್ಟಿಯನ್ನು ಮಗು ಒತ್ತಲಿ, ಆನೆ ಒತ್ತಲಿ, ಸ್ವರ ಒಂದೇ. ಪಿಟೀಲಿನವರಿಬ್ಬರೂ ತಲೆ ತಗ್ಗಿಸಿ ನಕ್ಕರು. ಸಮಿತಿಯವರು ಮಾತ್ರ ಅಕ್ಕನ ಬೆರಳುಗಳನ್ನೇ ನೋಡುತ್ತಿದ್ದರು.

ಅಕ್ಕ ಚೀಲಕ್ಕೆ ಕೈ ಹಾಕಿ ಮನೆಯ ಬೀಗದ ಕೈಗಳ ಗೊಂಚಲು ತೆಗೆದಳು. ಬಾಗಿಲಿನದು, ಬೀರುವಿನದು, ಕಬ್ಬಿಣದ ಪೆಟ್ಟಿಗೆಯದು, ಎಲ್ಲ ಸೇರಿ ಅಂಗೈ ತುಂಬುವಷ್ಟು. ಅದನ್ನು ನಡುವಿನ ಒಂದು ಬಿಳಿ ಪಟ್ಟಿಯ ಮೇಲೆ ಇಟ್ಟಳು. ಪಟ್ಟಿ ಕುಸಿಯಿತು, ಸ್ವರ ಎದ್ದಿತು. ಅವಳು ಎರಡೂ ಕೈ ಮೇಲೆತ್ತಿದಳು.

"ನಿಮ್ಮ ಪಿಟೀಲಲ್ಲಿ ಇದೇ ಸ್ವರದ ತಂತೀನ ಬೆರಳಿಡದೆ ನುಡಿಸಿ" ಎಂದಳು ಒಬ್ಬ ಪಿಟೀಲಿನವನಿಗೆ.

ಅವನು ಕಮಾನು ಎಳೆದ. ಎರಡೂ ಒಂದಕ್ಕೊಂದು ತಿಕ್ಕಾಡಿ ಗುಂಯ್ ಗುಂಯ್ ಎಂದು ನಡುಗಿದವು. ಕಿವುಡನಿಗೂ ತಿಳಿಯುವಷ್ಟು.

"ಈಗ ಯಾರ ಬೆರಳು ರೀ?"

 ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು, ಸಾಲುಗಳ ನಡುವೆ ನಡೆದು, ದೊಡ್ಡ ಬಾಗಿಲನ್ನು ಭುಜದಿಂದ ತಳ್ಳಿ ಹೊರಟಳು.

"ಬರ್ತಾಳೆ, ಬರ್ತಾಳೆ" ಭಾವ ಸಮಿತಿಯತ್ತ ಹಲ್ಲು ಕಿರಿದ. "ಮನೆ ಬೀಗದ ಕೈ ಇಲ್ಲೇ ಇದೆಯಲ್ಲ."

ಪಟ್ಟಿಯ ಮೇಲಿನ ಆ ಗೊಂಚಲನ್ನು ಎತ್ತಿದರೆ ಸದ್ದು ನಿಲ್ಲುತ್ತದೆ ಎಂಬುದೂ ಅವನಿಗೆ ಹೊಳೆಯಲಿಲ್ಲ. ಅವನು ಬಾಗಿಲು ನೋಡುತ್ತ ನಿಂತ. ಸ್ವರ ಇಳಿಯುತ್ತಲೇ ಇತ್ತು. ಅಕ್ಕ ಅವನ ಬಳಿಗೆ ಮರಳಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ.